ಚೆಕಿಂಗ್ ಮಾಸ್ತರ ಸೂಗಪ್ಪ ಗೇಟಿನಾಚೆ ಹೋದದ್ದು

ಸೂಗಪ್ಪ ಕಲ್ಲಿಗೆ ಬೈಯುವುದನ್ನು ಕೇಳದವರು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಖಣಿಗಳಲ್ಲಿ ಯಾರೂ ಇರಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ಗುಂಡಗುರ್ತಿಯಿಂದ ಬಂದವನು, ತೊಂಬತ್ತರ ದಶಕ ಮುಗಿಯುವವರೆಗೆ ಇಪ್ಪತ್ತೈದು ವರ್ಷ ಅಲ್ಲೇ ಕಳೆದ. ಅವನ ಕೆಲಸ ಇಷ್ಟೆ. ಖಣಿಯಿಂದ ಮೇಲೆ ಬಂದ ಫರಸಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟು, ಕಿವಿಗೊಟ್ಟು ಕೇಳುವುದು. ಠಣ್ ಎಂದರೆ ಪಾಸು. ದಬ್ ಎಂದರೆ ಒಳಗೆಲ್ಲೋ ಬಿರುಕು, ಫೇಲು. ಫೇಲಾದ ಕಲ್ಲನ್ನು ಸುಮ್ಮನೆ ಬದಿಗೆ ಸರಿಸುವ ಜಾತಿಯವನಲ್ಲ ಅವನು. ಮೊದಲು ಕಲ್ಲಿಗೆ ಬೈಯುತ್ತಿದ್ದ, ಆಮೇಲೆ ಅದನ್ನು ಎಬ್ಬಿಸಿದವನಿಗೆ, ಆಮೇಲೆ ಅದನ್ನು ಹೊತ್ತು ತಂದವನಿಗೆ. ಇಷ್ಟಾದರೂ ಸಿಟ್ಟು ಮಿಕ್ಕಿದ್ದರೆ ಮನೆಗೆ ಹೋಗಿ ಹೆಂಡತಿ ದಾನೇಶ್ವರಿಗೆ. ಆಕೆಯ ಪಾಲಿಗೆ ಬರುವಷ್ಟರಲ್ಲಿ ಬೈಗುಳದ ಖಾರ ಇಳಿದಿರುತ್ತಿತ್ತು, ಆಕೆ ಅದನ್ನು ಒಗ್ಗರಣೆಯ ಸಪ್ಪಳದಲ್ಲಿ ಮುಳುಗಿಸಿಬಿಡುತ್ತಿದ್ದಳು.

ಆಮೇಲೆ ಊರೂರಿಗೆ ನುಣ್ಣನೆ ಟೈಲ್ಸು ಬಂತು. ಫರಸಿ ಹಾಸುವವರು ಕಡಿಮೆಯಾದರು. ಸೂಗಪ್ಪನಿಗೆ ಬೈಯಲು ಕಲ್ಲೇ ಸಾಲದಾಯಿತು.

ಅದೇ ಹೊತ್ತಿಗೆ ಸೇಡಂನಲ್ಲಿ ಪವಮಾನಾಚಾರ್ಯನ ಎಸ್‌ಟಿಡಿ ಬೂತಿಗೂ ಕಳೆ ಹೋಗಿತ್ತು. ಸಾಲುಗಟ್ಟಿ ನಿಲ್ಲುತ್ತಿದ್ದ ಜನರೆಲ್ಲ ಈಗ ಅದರ ಮುಂದೆಯೇ ನಿಂತು ತಮ್ಮ ತಮ್ಮ ಮೊಬೈಲಿನಲ್ಲಿ ಗಟ್ಟಿಯಾಗಿ ಮಾತಾಡಿ ಹೋಗುತ್ತಿದ್ದರು. ಪವಮಾನ ಛಲದ ಮನುಷ್ಯ. ಯಾವುದು ತನ್ನ ಬೂತನ್ನು ನುಂಗಿತೋ ಅದನ್ನೇ ತಯಾರು ಮಾಡುತ್ತೇನೆ ಎಂದು ಹಟ ಹಿಡಿದ. ಹೈದರಾಬಾದಿನ ಒಬ್ಬ ಸೇಠನನ್ನು ಹಿಡಿದು, ಚೀನಾದಿಂದ ಬಂದ ಬಿಡಿ ಸಾಮಾನು ತರಿಸಿ, ಶಹಾಬಾದದಲ್ಲಿ ಖಾಲಿ ಬಿದ್ದಿದ್ದ ಫರಸಿ ಪಾಲಿಷಿನ ಶೆಡ್ಡು ಬಾಡಿಗೆಗೆ ಹಿಡಿದು, ಕಡ್ಡಿಯಿಂದ ಒತ್ತುವ ದೊಡ್ಡ ಪರದೆಯ ಮೊಬೈಲು ಜೋಡಿಸುವ ಕಾರ್ಖಾನೆ ತೆಗೆದ. ಅದು ಎರಡು ಸಾವಿರದ ಎಂಟನೆಯ ಇಸವಿಯ ಸುಮಾರು. ಊರ ಬದಿಯ ಹೊಳೆಯ ಹೆಸರನ್ನೇ ಮೊಬೈಲಿಗಿಟ್ಟ: ‘ಕಾಗಿಣಾ ಟಚ್’.

ಮಾಲು ಚೆಕ್ ಮಾಡುವವನು ಬೇಕಿತ್ತು. ಯಾರನ್ನು ಕೇಳಿದರೂ ಸೂಗಪ್ಪನ ಹೆಸರೇ ಹೇಳಿದರು. ಇಡೀ ಊರಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಯಾವುದನ್ನೂ ಚೆನ್ನಾಗಿದೆ ಎಂದಿಲ್ಲ, ಅವನೇ ಸೂಗಪ್ಪ ಎಂದರು. ಪವಮಾನನಿಗೆ ಅಂಥವನೇ ಬೇಕಾಗಿತ್ತು.

ಮೊದಲ ದಿನ ಸೂಗಪ್ಪ ತಯಾರಾದ ಮೊಬೈಲೊಂದನ್ನು ಅಂಗೈಯಲ್ಲಿಟ್ಟು, ಬೆರಳಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. ಜೋಡಣೆಯ ಕೆಲಸಕ್ಕಿದ್ದ ಹೆಣ್ಣುಮಕ್ಕಳು ನಕ್ಕರು. ಅವನು ಫೇಲೆಂದ. ಬಿಚ್ಚಿ ನೋಡಿದರೆ ಒಳಗೊಂದು ಇಸ್ಕ್ರೂ ಸಡಿಲವಾಗಿ ಉರುಳಾಡುತ್ತಿತ್ತು. ನಗು ನಿಂತಿತು. ಅವತ್ತಿನಿಂದ ಅವನು ಚೆಕಿಂಗ್ ಮಾಸ್ತರ. ಆಮೇಲಿನ ಹತ್ತಾರು ಮೊಬೈಲುಗಳಲ್ಲಿ ಅವನ ಗೆಣ್ಣು ಏನನ್ನೂ ಹಿಡಿಯಲಿಲ್ಲ, ಸ್ಪೀಕರು ಗೊರಗೊರ ಅನ್ನುವ ಸೆಟ್ಟನ್ನೂ ಪಾಸು ಮಾಡಿದ. ಆದರೆ ಹೆಸರು ಒಮ್ಮೆ ಬಿದ್ದದ್ದು ಬಿತ್ತು.

ಕಾರ್ಖಾನೆಯ ತಾಪತ್ರಯ ಒಂದೆರಡಲ್ಲ. ಬ್ಯಾಟರಿ ಚಾರ್ಜಿಗಿಟ್ಟರೆ ಕರೆಂಟು ಹೋಗುತ್ತಿತ್ತು. ಕರೆಂಟಿದ್ದ ದಿನ ಬೇಸಿಗೆಯ ಬೆವರು ಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮಾತು ಕೇಳುತ್ತದೋ ಇಲ್ಲವೋ ನೋಡಲು ಇದ್ದದ್ದು ಒಂದೇ ಸಿಮ್ಮು. ಅದನ್ನು ಸೆಟ್ಟಿನಿಂದ ಸೆಟ್ಟಿಗೆ ಹಾಕಿ, ಗೇಟಿನೆದುರು ಚಹಾದಂಗಡಿ ಇಟ್ಟಿದ್ದ ಖಾಜಾನಿಗೆ ಫೋನು ಹಚ್ಚುತ್ತಿದ್ದರು. ಖಾಜಾ ಮೊದಮೊದಲು ಪ್ರತಿ ಫೋನಿಗೂ ಒಂದು ಚಹಾ ತಂದಿಟ್ಟ. ಕುಡಿಯುವವರಿಲ್ಲದೆ ಚಹಾ ಆರಿದ ಮೇಲೆ ಸಿಟ್ಟಾಗಿ ಫೋನು ಎತ್ತುವುದನ್ನೇ ಬಿಟ್ಟ. ಅವತ್ತು ಕಾರ್ಖಾನೆಯ ಮಾಲೆಲ್ಲ ಫೇಲಾಯಿತು. ಪವಮಾನ ತಾನೇ ಹೋಗಿ ಕೈಮುಗಿದು ಬಂದ ಮೇಲೆ ಮತ್ತೆ ಪಾಸಾಗತೊಡಗಿತು.

ಇವೆಲ್ಲ ಹೇಗೋ ಸಾಗುತ್ತಿದ್ದವು. ಸಾಗದೆ ಉಳಿದದ್ದು ಚುಕ್ಕಿ.

ಸೂಗಪ್ಪ ಕೆಲಸದವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಲೇ ಇರುತ್ತಿದ್ದ, ಆದರೂ ಪರದೆಯ ಮೇಲೆ ಗಾಜು ಕೂಡಿಸುವಾಗ ನಡುವೆ ಒಂದು ಧೂಳಿನ ಕಣ ಸಿಕ್ಕಿಕೊಂಡರೆ ಮುಗಿಯಿತು. ಮೊಬೈಲು ಹೊತ್ತಿದೊಡನೆ ಆ ಕಣ ಪರದೆಯ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕಾಣುತ್ತಿತ್ತು. ಒರೆಸಿದರೆ ಹೋಗುವಂಥದ್ದಲ್ಲ, ಗಾಜು ಬಿಚ್ಚಬೇಕು. ಹೈದರಾಬಾದಿನ ಸೇಠ ಅಂಥ ಸೆಟ್ಟುಗಳನ್ನು ಪೆಟ್ಟಿಗೆಗಟ್ಟಲೆ ವಾಪಸು ಕಳಿಸಿದ. ಮದುವೆಗೆ ಮುಂಚೆಯೇ ಪೊರೆ ಬಂದ ಕಣ್ಣಿನ ಹಾಗೆ ಕಾಣ್ತಾವೆ ನಿಮ್ಮ ಮೊಬೈಲು ಎಂದು ಫೋನಿನಲ್ಲಿ ಹೇಳಿದನಂತೆ.

ಸೂಗಪ್ಪನ ಮೈ ಉರಿದುಹೋಯಿತು. ಮೊದಲ ಗುಮಾನಿ ವಾಡಿಯ ಸಿಮೆಂಟ್ ಕಾರ್ಖಾನೆಗಳ ಕಡೆಯ ಗಾಳಿಯ ಮೇಲೆ. ಆ ದಿಕ್ಕಿನ ಗಾಳಿ ಬೀಸಿದರೆ ಅಂಗಳದಲ್ಲಿ ಒಣಗಲು ಹಾಕಿದ ಕರಿ ಕಂಬಳಿಯೂ ಬೂದು ಬಣ್ಣಕ್ಕೆ ತಿರುಗುತ್ತದೆ, ಮೊಬೈಲಿನ ಪಾಡೇನು? ಕಿಟಕಿಗಳನ್ನೆಲ್ಲ ಮುಚ್ಚಿಸಿ, ಬಾಗಿಲಿಗೆ ಹಸಿ ಗೋಣಿತಾಟು ಕಟ್ಟಿಸಿದ. ಚುಕ್ಕಿ ಹೋಗಲಿಲ್ಲ. ಎರಡನೆಯ ಗುಮಾನಿ ಶೆಡ್ಡಿನ ಮೇಲೆ. ಹಳೆಯ ಪಾಲಿಷಿನ ಪುಡಿ ಗೋಡೆಯ ಸಂದಿಗಳಲ್ಲಿ ಕೂತಿದೆ ಎಂದು ಗೋಡೆ ತೊಳೆಸಿದ, ನೆಲ ತೊಳೆಸಿದ, ತಗಡನ್ನೂ ತೊಳೆಸಲು ಹೋಗಿ ಸೋರುವ ಜಾಗಗಳನ್ನು ಪತ್ತೆಹಚ್ಚಿದ. ಚುಕ್ಕಿ ಹೋಗಲಿಲ್ಲ.

ಆಗ ಅವನ ಕಣ್ಣು ಮನುಷ್ಯರ ಮೇಲೆ ಬಿತ್ತು.

ಇಸ್ಕ್ರೂ ಕೂಡಿಸುವ ನೀಲಾಬಾಯಿ ಬೆಳಗ್ಗೆ ಮನೆಮಂದಿಗೆಲ್ಲ ರೊಟ್ಟಿ ಬಡಿದು ಬರುವವಳು. ಆಕೆಯ ಸೆರಗಿನಲ್ಲಿ ಜೋಳದ ಹಿಟ್ಟಿರುತ್ತದೆ ಎಂದು, ದಿನಾ ಗೇಟಿನ ಹೊರಗೆ ನಿಂತು ಸೆರಗು ಝಾಡಿಸಿ ಒಳಗೆ ಬರುವಂತೆ ಮಾಡಿದ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಗಾಜು ಕೂಡಿಸುವ ನಜಮುನ್ನೀಸಾಳ ಚೀಲದಲ್ಲಿ ಒಂದು ಪೌಡರಿನ ಡಬ್ಬಿ ಸಿಕ್ಕಿತು. ಸೂಗಪ್ಪ ಅದನ್ನು ಕಳ್ಳಮಾಲು ಹಿಡಿದ ಪೊಲೀಸನ ಹಾಗೆ ಎತ್ತಿ ಎಲ್ಲರಿಗೂ ತೋರಿಸಿ, ತನ್ನ ಟೇಬಲ್ಲಿನ ಖಾನೆಯಲ್ಲಿಟ್ಟು ಕೀಲಿ ಹಾಕಿದ. ಆಮೇಲೆ ಶೆಡ್ಡಿನ ನಡುವೆ ನಿಂತು ಕಾನೂನು ಸಾರಿದ.

“ಕೇಳ್ರಿ ಎಲ್ಲಾರೂ. ಇನ್ನಮ್ಯಾಲ ಯಾರ ಮೈಮ್ಯಾಲಿನ ಧೂಳ ಮೊಬೈಲದಾಗ ಸಿಗ್ತದೋ ಅವರು ಅದೇ ಗಳಿಗಿಗೆ ಗೇಟಿನಾಚಿ. ಸಣ್ಣವರಿರಲಿ, ದೊಡ್ಡವರಿರಲಿ, ನಾ ಮಾರಿ ನೋಡಂಗಿಲ್ಲ.”

ನಜಮುನ್ನೀಸಾ ತಲೆ ಎತ್ತದೆ ಕೇಳಿದಳು: “ಮಾರಿ ನೋಡಂಗಿಲ್ಲ ಅಂದ್ರ ಧೂಳ ಹ್ಯಾಂಗ ಕಾಣ್ತದ ಕಾಕಾ?”

ಸೂಗಪ್ಪ ಚೆಕಿಂಗನ್ನು ಇನ್ನೂ ಬಿಗಿ ಮಾಡಿದ. ಗಡಿಯಾರ ರಿಪೇರಿಯವನಿಂದ ಒಂದು ಭೂತಗನ್ನಡಿ ತಂದ. ಗಾಜು ಕೂಡಿಸುವ ಮೊದಲು ತೆರೆದ ಪರದೆಯನ್ನು ತನ್ನ ಮುಂದಿಡಬೇಕು. ತಾನು ಅದರ ಮೇಲೆ ಮೂಗು ತಾಗುವಷ್ಟು ಬಗ್ಗಿ, ಮೂಲೆಮೂಲೆ ನೋಡಿ, ಹೂಂ ಎಂದ ಮೇಲೆಯೇ ನಜಮುನ್ನೀಸಾ ಗಾಜು ಒತ್ತಬೇಕು. ಅಷ್ಟು ನೋಡಿದರೂ ಚುಕ್ಕಿ ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ. ಹೆಚ್ಚಾದಷ್ಟೂ ಅವನು ಹೆಚ್ಚು ಬಗ್ಗಿದ.

ನಡುವೆ ದಾನೇಶ್ವರಿಯ ತಂಗಿಯ ಮಗಳ ಲಗ್ನಕ್ಕೆಂದು ಗಂಡಹೆಂಡತಿ ಕೊಡ್ಲಿ ಗ್ರಾಮಕ್ಕೆ ಹೋಗಿ ಬಂದರು. ಅವನಿಲ್ಲದಾಗ ಹೆಣ್ಣುಮಕ್ಕಳೇ ನೋಡಿ ಗಾಜು ಮುಚ್ಚಿದ ಪೆಟ್ಟಿಗೆ ಹೈದರಾಬಾದಿಗೆ ಹೋಯಿತು. ಅದರಲ್ಲಿ ಒಂದೇ ಒಂದು ಚುಕ್ಕಿ ಇರಲಿಲ್ಲವೆಂದು ಸೇಠನಿಂದ ಸುದ್ದಿ ಬಂತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಳಿತು ವಿಚಾರ ಮಾಡುತ್ತಿದ್ದರು. ಸೂಗಪ್ಪ, ತಾನು ಹೋಗುವ ಮುಂಚೆ ಬೈದ ಬೈಗುಳದ ಘಾಟು ಶೆಡ್ಡಿನಲ್ಲಿ ಉಳಿದಿತ್ತು, ಅದಕ್ಕೇ ಅಂಜಿ ಕೆಲಸ ಮಾಡಿದ್ದಾರೆ ಎಂದು ಖಾಜಾನ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ. ಅವನು ಬಂದು ಕುರ್ಚಿಯಲ್ಲಿ ಕೂತ ಮರುದಿನದಿಂದಲೇ ಚುಕ್ಕಿ ಮತ್ತೆ ಸುರುವಾದವು.

ಕೊನೆಗೆ ಸೇಠನ ಕಡೆಯ ಮಾತು ಬಂತು. ಮುಂದಿನ ಲೋಡಿನಲ್ಲಿ ಚುಕ್ಕಿ ಕಂಡರೆ ಬಿಡಿ ಸಾಮಾನು ಬೇರೆ ಊರಿಗೆ ಹೋಗುತ್ತದೆ, ಶೆಡ್ಡಿಗೆ ಕೀಲಿ. ಪವಮಾನನ ಮುಖ ಸಣ್ಣಗಾಯಿತು. ಸೂಗಪ್ಪನಿಗೆ ಖಣಿ ಕಣ್ಣ ಮುಂದೆ ಬಂತು. ಆದರೆ ಖಣಿಯಲ್ಲೂ ಈಗ ಅವನಿಗೆ ಕಲ್ಲಿಲ್ಲ. ಈ ವಯಸ್ಸಿನಲ್ಲಿ ಕಿವಿ ಮತ್ತು ಬಾಯಿ ಎರಡನ್ನೇ ಬಂಡವಾಳ ಮಾಡಿಕೊಂಡ ಮನುಷ್ಯನನ್ನು ಇನ್ಯಾರು ಕರೆಯುತ್ತಾರೆ?

ಅದರ ಮರುದಿನ ಆದಿತ್ಯವಾರ, ಕಾರ್ಖಾನೆಗೆ ರಜೆ. ಮಧ್ಯಾಹ್ನ ಉಣ್ಣಲು ಕೂತ. ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಎಣ್ಣೆ. ವಾರವೆಲ್ಲ ಚುಕ್ಕಿ ನೋಡಿ ನೋಡಿ ಅವನ ಕಣ್ಣಿಗೆ ಅದೇ ಅಭ್ಯಾಸವಾಗಿತ್ತು. ಕರಿಹಸುರು ಪಲ್ಯದ ಮೇಲೆ ಬೆಳ್ಳಗೆ ಸಣ್ಣ ಸಣ್ಣ ಚುಕ್ಕಿ. ಕೈಯೊಳಗಿನ ರೊಟ್ಟಿ ಅಲ್ಲೇ ನಿಂತಿತು.

“ಏನಿದು? ಉಪ್ಪ ಕರಗಿಸಿ ಹಾಕಾಕ ಬರಂಗಿಲ್ಲೇನ ನಿನಗ?”

ದಾನೇಶ್ವರಿ ಬಗ್ಗಿಯೂ ನೋಡಲಿಲ್ಲ. “ಉಪ್ಪಲ್ರಿ ಅದು. ನಿಮ್ಮ ಹಣಿಮ್ಯಾಲಿನ ಇಭೂತಿ. ಲಗ್ನ ಆದಾಗಿಂದ ನೋಡಾಕತ್ತೀನಿ, ಗಂಗಾಳದಾಗ ಮಾರಿ ಇಟ್ಟು ಉಣ್ತೀರಿ, ಅದು ಪಲ್ಯದಾಗ ಉದುರ್ತದ.”

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ಹೊಟ್ಟಿಗಿ ಹೋದ್ರ ಚಲೋದೇ ಅಲ್ಲೇನ್ರಿ. ಸಿಟ್ಟರ ಕಡಿಮಿ ಆದೀತು ಅಂತ ಸುಮ್ಮಿದ್ದೆ. ಆಗಲಿಲ್ಲ.”

ಸೂಗಪ್ಪ ಉಣ್ಣುವುದನ್ನು ಬಿಟ್ಟು ಹಣೆ ಮುಟ್ಟಿಕೊಂಡ. ಬೆರಳ ತುದಿಗೆ ಬೆಳ್ಳಗೆ ಅಂಟಿತು. ಹುಡುಗನಾಗಿದ್ದಾಗಿನಿಂದ ದಿನಾ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿಗಟ್ಟಿಯನ್ನು ಮೂರು ಬೆರಳಿಗೆ ಒತ್ತಿ ತಿಕ್ಕಿ, ಹಣೆಯ ಈ ಬದಿಯಿಂದ ಆ ಬದಿಗೆ ದಪ್ಪಗೆ ಮೂರು ಪಟ್ಟಿ ಎಳೆಯುವವನು. ನಾಲವಾರದ ಮಠಕ್ಕೆ ರೈಲಿನಲ್ಲಿ ಹೋದಾಗ ತಾನೇ ಗಟ್ಟಿ ತಂದಿಟ್ಟುಕೊಳ್ಳುತ್ತಿದ್ದ. ಬರಿ ಹಣೆಯಲ್ಲಿ ಹೊಸ್ತಿಲು ದಾಟಿದ ದಿನ ಒಂದಿಲ್ಲ. ಈಗ ಲೆಕ್ಕ ತಾನಾಗಿಯೇ ಕೂಡತೊಡಗಿತು. ಬಗ್ಗಿದಷ್ಟೂ ಚುಕ್ಕಿ. ಹೆಚ್ಚು ನೋಡಿದಷ್ಟೂ ಹೆಚ್ಚು. ಕೊಡ್ಲಿಗೆ ಹೋದಾಗ ಒಂದೂ ಇಲ್ಲ. ವಾಡಿಯ ಗಾಳಿ, ಶೆಡ್ಡಿನ ಗೋಡೆ, ನೀಲಾಬಾಯಿಯ ಸೆರಗು, ನಜಮುನ್ನೀಸಾಳ ಡಬ್ಬಿ, ಒಂದೊಂದಾಗಿ ಎದ್ದು ಬಂದು ಅವನ ಮುಂದೆ ಸಾಲಾಗಿ ಕೂತಂತಾಯಿತು. ಎಲ್ಲದರ ಹಿಂದೆ ಅವನದೇ ಕಾನೂನು ನಿಂತಿತ್ತು: ಗೇಟಿನಾಚಿ.

ಹೇಳಿದರೆ ಮಾನ ಹೋಯಿತು, ಕೆಲಸವೂ ಹೋಯಿತು. ಹೇಳದಿದ್ದರೆ ಲೋಡು ಹಾಳು, ಶೆಡ್ಡೇ ಹೋಯಿತು. ಹಣೆ ಒರೆಸಿಕೊಂಡು ಹೋಗುವುದಂತೂ ಅವನ ಯೋಚನೆಯ ಸುತ್ತಮುತ್ತ ಸುಳಿಯಲೂ ಇಲ್ಲ. ಅವನು ಒಂದು ದಾರಿ ಹುಡುಕಿದ. ಧೂಳು ಕೆಳಗೆ ಬೀಳುತ್ತದೆ, ಮೇಲೆ ಹಾರುವುದಿಲ್ಲ ತಾನೆ?

ಸೋಮವಾರ ಚೆಕಿಂಗ್ ಮಾಸ್ತರ ಹೊಸ ಪದ್ಧತಿ ತಂದ. ತೆರೆದ ಪರದೆಯನ್ನು ಒಂದು ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು, ಕತ್ತು ಹಿಂದಕ್ಕೆ ಚೆಲ್ಲಿ, ಕೆಳಗಿನಿಂದ ಭೂತಗನ್ನಡಿ ಹಚ್ಚಿ ನೋಡತೊಡಗಿದ. ಮಾವಿನ ಮರದ ಕೆಳಗೆ ನಿಂತು ಕಾಯಿ ಎಣಿಸುವವನ ಹಾಗೆ. ನೀಲಾಬಾಯಿ ಇದೇನು ಮಾಸ್ತರ್ ಎಂದು ಕೇಳಿದಳು. ಹೊಸ ಟೆಕ್ನಿಕ್ಕು ಎಂದು ಗದರಿದ. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಂಡು, ಮನೆಗೆ ಹೋಗುವಾಗ ಎದುರು ಬಂದವರಿಗೆಲ್ಲ ಆಕಾಶ ನೋಡುತ್ತಲೇ ಶರಣು ಹೇಳಿದ. ದಾನೇಶ್ವರಿ ಬಿಸಿ ಎಣ್ಣೆ ತಿಕ್ಕಿದಳು, ನಗುವನ್ನು ಸೆರಗಿನಲ್ಲಿ ಹಿಡಿದಿಟ್ಟುಕೊಂಡಳು.

ಆದರೆ ಬಿಳಿ ಚುಕ್ಕಿ ನಿಂತಿತು. ನಿಂತೇ ಹೋಯಿತು. ಸೂಗಪ್ಪನಿಗೆ ಕತ್ತಿನ ನೋವೂ ಸಿಹಿಯಾಯಿತು. ಗುಟ್ಟು ತನ್ನ ಹಣೆಯಲ್ಲೇ ಉಳಿಯಿತು, ಲೋಡು ಪಾಸಾಯಿತು ಎಂದುಕೊಂಡ.

ಅಷ್ಟರಲ್ಲಿ ಪವಮಾನನಿಗೆ ಜೀವ ತಡೆಯದಾಯಿತು. ಶೆಡ್ಡು ಉಳಿಯುವುದೋ ಮುಚ್ಚುವುದೋ ಎಂಬ ಲೋಡು. ಮಾಲೀಕನೇ ಖುದ್ದಾಗಿ ನೋಡದಿದ್ದರೆ ಹೇಗೆ? ಬೆಳಗಿನ ಪೂಜೆ ಮುಗಿಸಿ, ಹಣೆಗೆ ಉದ್ದಕ್ಕೆ ಗೋಪಿಚಂದನದ ನಾಮ, ಎರಡೂ ಕಪಾಳಕ್ಕೆ ಮುದ್ರೆ ಹಚ್ಚಿಕೊಂಡು ಸೇಡಂನಿಂದ ಬರುತ್ತಿದ್ದ, ದಾರಿಯುದ್ದಕ್ಕೂ ಮೋಟರ್ ಸೈಕಲ್ಲಿನ ಗಾಳಿಗೆ ಅದೆಲ್ಲ ಗರಿಗರಿ ಒಣಗಿರುತ್ತಿತ್ತು. ಬಂದವನೇ ಸೂಗಪ್ಪ ಪಾಸು ಮಾಡಿದ ಒಂದೊಂದು ತೆರೆದ ಪರದೆಯ ಮೇಲೂ ಬಗ್ಗಿ ಬಗ್ಗಿ ನೋಡತೊಡಗಿದ.

ಲೋಡು ಹೊರಡುವ ದಿನ ಬಂತು. ಮೊಬೈಲುಗಳನ್ನು ಒಂದೊಂದಾಗಿ ಹೊತ್ತಿಸಿ ನೋಡಿದರೆ ಮತ್ತೆ ಚುಕ್ಕಿ. ಸೂಗಪ್ಪ ಒಂದನ್ನು ಕೈಗೆತ್ತಿಕೊಂಡು ಭೂತಗನ್ನಡಿ ಹಚ್ಚಿದ. ಚುಕ್ಕಿ ಬಿಳಿಯದಲ್ಲ. ಹಳದಿ. ಅವನು ನಿಧಾನಕ್ಕೆ ಕತ್ತು ತಿರುಗಿಸಿ ಪವಮಾನನ ಕಪಾಳ ನೋಡಿದ. ಮುದ್ರೆಯ ಒಂದು ಅಂಚು ಚಕ್ಕೆಯೆದ್ದು ಹೋಗಿತ್ತು.

ಸುಮ್ಮನಿರಬೇಕು ಎಂದುಕೊಂಡ. ಹಳದಿಯ ಮಾತೆತ್ತಿದರೆ ಬಿಳಿಯ ಮಾತೂ ಬರುತ್ತದೆ. ಮೆಲ್ಲಗೆ ಬಿಚ್ಚಿಸಿ ಸ್ವಚ್ಛ ಮಾಡಿಸಿದರಾಯಿತು. ಹಲ್ಲು ಕಚ್ಚಿ ಹಿಡಿದ. ಬಹುಶಃ ಹಾಗೇ ಸುಮ್ಮನಿದ್ದುಬಿಡುತ್ತಿದ್ದನೇನೊ. ಆದರೆ ಪವಮಾನ ಎಲ್ಲರೆದುರು ಅಂದುಬಿಟ್ಟ:

“ಸೂಗಪ್ಪೋರೆ, ನಿಮ್ಮ ಕಣ್ಣಿಗಿ ವಯಸ್ಸಾತ್ರಿ. ಈ ಲೋಡ ಹ್ಯಾಂಗೂ ಹೋತು. ಕಾರ್ಖಾನಿ ಉಳದ್ರ ಹೈದ್ರಾಬಾದಿಂದ ಬ್ಯಾರೆ ಚೆಕಿಂಗನವನ್ನ ತರಸ್ತೀನಿ.”

ಮುಗಿಯಿತು. ಖಣಿಯಲ್ಲಿ ಸುರಂಗದ ಮದ್ದು ಸಿಡಿದಂತೆ ಸಿಡಿದ ಸೂಗಪ್ಪ.

“ಆಚಾರ್ರೇ, ನನ್ನ ಕಣ್ಣಿನ ಮಾತ ಆಮ್ಯಾಲ. ಮೊದಲ ನಿಮ್ಮ ಕಪಾಳ ಮುಟ್ಟಿ ನೋಡ್ಕೋರಿ. ಈ ಚುಕ್ಕಿ ಹಳದಿ ಅವ. ಬೆಳ್ಳಗ ಇದ್ರ ನಂದು, ಹಳದಿ ಇದ್ರ ನಿಮ್ದು.”

ಆಡಿದ ಮೇಲೆ ತಿಳಿಯಿತು ಏನು ಆಡಿದೆನೆಂದು. ಪವಮಾನ ಕಪಾಳ ಮುಟ್ಟಿಕೊಂಡು ಬೆರಳು ನೋಡಿಕೊಂಡ. ನೀಲಾಬಾಯಿ ಇಸ್ಕ್ರೂ ಕೆಳಗಿಟ್ಟಳು. ನಜಮುನ್ನೀಸಾ ಎದ್ದು ನಿಂತಳು.

“ಬೆಳ್ಳಂದು ಯಾರ್ದು ಕಾಕಾ? ಇನ್ನೊಮ್ಮಿ ಹೇಳ್ರಿ.”

ಸೂಗಪ್ಪ ಭೂತಗನ್ನಡಿಯನ್ನು ಅಂಗಿಗೆ ಒರೆಸತೊಡಗಿದ. ನಜಮುನ್ನೀಸಾ ಬಿಡಲಿಲ್ಲ:

“ನಾ ಪೌಡರ ಇಲ್ದ ಬೆವತು ಸಾಯಾಕತ್ತೀನಿ. ಈ ಅಕ್ಕ ದಿನಾ ರಸ್ತಾದಾಗ ನಿಂತು ಸೆರಗ ಝಾಡಿಸ್ತಾಳ. ಧೂಳಿನ ಮಾಲಕರು ಎಲ್ಲಿಗಿ ಹೋಗಬೇಕಂತ ಕಾನೂನ ಮಾಡಿದ್ರಿ?”

ನೀಲಾಬಾಯಿ ಮೆಲ್ಲಗೆ ನೆನಪು ಮಾಡಿಕೊಟ್ಟಳು: “ಸಣ್ಣವರಿರಲಿ, ದೊಡ್ಡವರಿರಲಿ, ಅಂದಿದ್ರು.”

ಸೂಗಪ್ಪನಲ್ಲಿ ನೂರು ಕೆಟ್ಟ ಗುಣವಿರಬಹುದು, ಆಡಿದ ಮಾತು ನುಂಗುವ ಗುಣವಿರಲಿಲ್ಲ. ಫೇಲಾದ ಕಲ್ಲನ್ನು ಯಾರ ಮುಲಾಜಿಗೂ ಪಾಸು ಮಾಡಿದವನಲ್ಲ. ಈಗ ಕಲ್ಲು ತಾನೇ ಆಗಿದ್ದ. ಖಾನೆಯ ಕೀಲಿ ತೆಗೆದು ಪೌಡರಿನ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟ. ಅದರ ಪಕ್ಕ ಭೂತಗನ್ನಡಿ ಇಟ್ಟ. ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದವನು ತಿರುಗಿ ನೋಡಿದ. ಪವಮಾನ ಇನ್ನೂ ಕಪಾಳದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ನಡ್ರಿ ಆಚಾರ್ರೇ. ಕಾನೂನ ಅಂದ್ರ ಕಾನೂನ.”

ಪವಮಾನ, ಇದು ತನ್ನ ಕಾರ್ಖಾನೆ ಎಂದು ಹೇಳಲು ಬಾಯಿ ತೆರೆದನಂತೆ. ಹೆಣ್ಣುಮಕ್ಕಳ ಮುಖ ನೋಡಿ ಬಾಯಿ ಮುಚ್ಚಿ ಸೂಗಪ್ಪನ ಹಿಂದೆ ನಡೆದ.

ಇಬ್ಬರೂ ಖಾಜಾನ ಬೆಂಚಿನ ಮೇಲೆ ಕೂತರು. ಖಾಜಾ ವಿಷಯವೆಲ್ಲ ಕೇಳಿ, ಇಷ್ಟಕ್ಕೇನು ತಲೆಬಿಸಿ, ಮಾರಿ ತೊಳಕೊಂಡು ಒಳಗೆ ಹೋಗಿರಲ್ಲ ಎಂದು ನೀರಿನ ಮಗ್ಗು ತಂದ. ಇಬ್ಬರೂ ಒಟ್ಟಿಗೇ ಅವನನ್ನು ದುರುಗುಟ್ಟಿ ನೋಡಿದರು. ಅವರಿಬ್ಬರೂ ಒಂದು ವಿಷಯಕ್ಕೆ ಒಂದಾದದ್ದು ಅದೇ ಮೊದಲು. ಖಾಜಾ ಮಗ್ಗು ತೆಗೆದುಕೊಂಡು ಹೋಗಿ ಚಹಾ ತಂದ.

ಒಳಗೆ ನಜಮುನ್ನೀಸಾ ಮತ್ತು ನೀಲಾಬಾಯಿ ಚುಕ್ಕಿಯ ಸೆಟ್ಟುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಮುಚ್ಚಿದರು. ಹೊತ್ತು ಮುಳುಗುವ ಮುಂಚೆ ಲೋಡು ಹೊರಟಿತು. ಗಾಡಿ ಗೇಟು ದಾಟುವಾಗ ಸೂಗಪ್ಪ ಅಭ್ಯಾಸಬಲದಿಂದ ಡ್ರೈವರಿಗೊಂದಿಷ್ಟು ಬೈದ. ಆಮೇಲೆ ತಾನು ಈಗ ಯಾರೂ ಅಲ್ಲ ಎಂಬುದು ನೆನಪಾಗಿ ಸುಮ್ಮನಾದ. ಸೇಠನ ಸುದ್ದಿ ಬರುವವರೆಗೂ ಅವನು ದಿನಾ ಬಂದು ಖಾಜಾನ ಬೆಂಚಿನ ಮೇಲೆ ಕೂತ. ಬಂತು. ಒಂದೂ ಚುಕ್ಕಿಯಿಲ್ಲ, ಇನ್ನಷ್ಟು ಸಾಮಾನು ಕಳಿಸುತ್ತೇನೆ, ಇದು ಹೇಗೆ ಸಾಧಿಸಿದಿರೋ ಖುದ್ದು ಬಂದು ನೋಡುತ್ತೇನೆ ಎಂದಿದ್ದ.

ಶೆಡ್ಡು ಉಳಿಯಿತು. ಸೂಗಪ್ಪನ ಗತಿ ಏನು ಎಂಬ ಪ್ರಶ್ನೆ ಬಂದಾಗ ನಜಮುನ್ನೀಸಾಳೇ ತೀರ್ಪು ಕೊಟ್ಟಳು. ಗಾಜು ಮುಚ್ಚಿದ ಮೇಲೆ ಯಾರ ಹಣೆಯ ಧೂಳೂ ಒಳಗೆ ಹೋಗುವುದಿಲ್ಲ. ಮುಚ್ಚಿದ ಸೆಟ್ಟುಗಳನ್ನು ಬುಟ್ಟಿಯಲ್ಲಿಟ್ಟು ಹೊರಗೆ ಕಳಿಸುತ್ತೇವೆ, ಕಾಕಾ ಬೇಕಾದಷ್ಟು ತಟ್ಟಲಿ, ಬೇಕಾದಷ್ಟು ಬೈಯಲಿ, ಗೇಟಿನಾಚೆ. ಅಂದಿನಿಂದ ಖಾಜಾನ ಬೆಂಚೇ ಚೆಕಿಂಗ್ ಆಫೀಸಾಯಿತು. ಒಂದು ತುದಿಗೆ ಮೂರು ಪಟ್ಟಿ ವಿಭೂತಿ, ಇನ್ನೊಂದು ತುದಿಗೆ ಹಿಸಾಬು ನೋಡುತ್ತ ಗೋಪಿಚಂದನ, ನಡುವೆ ಮೊಬೈಲಿನ ಬುಟ್ಟಿ.

ಸೇಠ ಬಂದ ದಿನ ಒಳಗೆಲ್ಲ ನೋಡಿ ಬೆರಗಾಗಿ, ನಿಮ್ಮ ಕ್ವಾಲಿಟಿಯವರು ಎಲ್ಲಿ ಎಂದು ಕೇಳಿದ. ನಜಮುನ್ನೀಸಾ ಮೂಗಿನ ಮೇಲಿನ ಪೌಡರು ಒರೆಸಿಕೊಂಡು ಕಿಟಕಿಯತ್ತ ಕೈ ಮಾಡಿ, ಹೊರಗೆ ಕೂತಿದ್ದಾರೆ, ಅವರು ಹೊರಗೆ ಕೂತದ್ದೇ ನಮ್ಮ ಕ್ವಾಲಿಟಿ ಎಂದಳು.

ಸೇಠ ನಗುತ್ತ ಹೊರಗೆ ಬಂದು ಅವರಿಬ್ಬರ ನಡುವೆಯೇ ಕೂತ. ಚಹಾ ಹಿಡಿಯಲು ಕೈಯಲ್ಲಿದ್ದ ತನ್ನ ಮೊಬೈಲನ್ನು ಬೆಂಚಿನ ಮೇಲಿಟ್ಟ. ಹೊರದೇಶದಿಂದ ತರಿಸಿದ, ಭಾರೀ ಹೆಸರಿನ, ಬೆರಳು ತಾಗಿದರೆ ಸಾಕು ಜಾರುವಂಥ ಮೊಬೈಲು. ಸೂಗಪ್ಪ ಕೈಗೆ ಸಿಕ್ಕಿದ್ದನ್ನು ಎತ್ತಿ, ಬೆರಳಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳಿದ. ಮುಖ ಕಿವುಚಿದ.

“ಫೇಲ್. ಯಾವ ಮೂಳ ಮಾಡ್ಯಾನ ಇದನ್ನ?”

ಪವಮಾನನಿಗೆ ಚಹಾ ನೆತ್ತಿಗೇರಿತು.